ಹುಲಿಗೆಮ್ಮ ಗಂಡ ಯಂಕಪ್ಪ

ಮಾನ್ವಿ ತಾಲೂಕು ಆಸ್ಪತ್ರೆ, ರೆಕಾರ್ಡ್ ರೂಮು.
ಗೆದ್ದಲು ಓದಿ ಉಳಿಸಿದ್ದನ್ನು
ನಾವೀಗ ಓದುತ್ತಿದ್ದೇವೆ.
ಮೌಲಪ್ಪ ಕಟ್ಟಿನ ದಾರ ಬಿಚ್ಚುತ್ತಾನೆ,
ನಾನು ಹೆಸರು ಹೊಡೆಯುತ್ತೇನೆ.

ಹುಲಿಗೆಮ್ಮ ಗಂಡ ಯಂಕಪ್ಪ.

ಕಂಪ್ಯೂಟರು ಕೇಳುತ್ತದೆ:
ಈ ಹೆಸರು ಈಗಾಗಲೇ ಇದೆ, ಒಂದುಗೂಡಿಸಲೇ?
ಹೌದೆನ್ನಲು ಒಂದು ಬೆರಳು ಸಾಕು.

‘ತಡೀರಿ ಮೇಡಂ,
ಆಕಿ ಪೋತ್ನಾಳದಾಕಿ, ಚೇಳು ಕಡಿಸ್ಕೊಂಡು ಬಂದಾಕಿ.
ಈಕಿ ಕವಿತಾಳದಾಕಿ.
ಈಕಿಗೆ ಪೆನ್ಸಿಲಿನ್ ಒಗ್ಗಂಗಿಲ್ಲ,
ಕೆಂಪು ಗೀಟು ಕಾಣವಲ್ದೇನ್ರಿ?’

ಕಂಡಿರಲಿಲ್ಲ.
ಅದನ್ನು ತುಕ್ಕಿನ ಕಲೆ ಅಂದುಕೊಂಡಿದ್ದೆ.

ಸಂಜೆಯ ಹೊತ್ತಿಗೆ ಹನ್ನೊಂದು ಹುಲಿಗೆಮ್ಮರು,
ಹನ್ನೊಂದು ಯಂಕಪ್ಪರು.
ಹುಟ್ಟಿದ ದಿನ ಎಲ್ಲರದೂ ಜನವರಿ ಒಂದು.
ನಾನೇ ಕೊಟ್ಟದ್ದು;
ಖಾಲಿ ಬಿಟ್ಟರೆ ಪರದೆ ಮುಂದೆ ಹೋಗದು.

ಒಂದು ಚೀಟಿಯ ಅಂಚಿಗೆ ಪೆನ್ಸಿಲ್ ಅಕ್ಷರ,
ಯಾವ ಡಾಕ್ಟರದೋ, ಸಹಿಯಿಲ್ಲ:
‘ಕೊನೆಯ ಬಸ್ಸು ಹೋಗಿದೆ.
ವಾರ್ಡಿನಲ್ಲೇ ಮಲಗಲಿ. ಎಬ್ಬಿಸಬೇಡಿ.’

ಇದನ್ನು ಎಲ್ಲಿ ತುಂಬಲಿ?
ರೋಗವಲ್ಲ, ಔಷಧಿಯಲ್ಲ, ತಪಾಸಣೆಯೂ ಅಲ್ಲ.
ಪಟ್ಟಿ ಇಳಿಸುತ್ತ ಇಳಿಸುತ್ತ ಹೋದೆ,
ತಳದಲ್ಲಿ ‘ಇತರೆ’ ಸಿಕ್ಕಿತು,
ಐವತ್ತು ಅಕ್ಷರಕ್ಕೆ ಮೀರದಂತೆ.
‘ಎಬ್ಬಿಸ’ ಎಂಬಲ್ಲಿಗೆ ಕರ್ಸರ್ ನಿಂತಿತು.

ಆಗಲೇ ಕರೆಂಟು ಹೋಯಿತು.
ಯುಪಿಎಸ್ಸು ಕೂಗಿ ಕೂಗಿ ಸುಮ್ಮನಾಯಿತು.
ಮೌಲಪ್ಪನಿಗೆ ಅದರ ಪರಿವೆಯಿಲ್ಲ,
ಏಳನೆಯಾಕಿಯ ಹೆರಿಗೆ ಹೇಳುತ್ತಿದ್ದ,
ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ.
ಬರುವ ತಿಂಗಳಿಗೆ ಅವನದು ರಿಟೈರು.

ಎಂಟನೆಯಾಕಿಗೆ ಬರುವಷ್ಟರಲ್ಲಿ
ಮೊಬೈಲಿನ ಬೆಳಕು ಹಚ್ಚಿ
ಪೆನ್ನು ಹುಡುಕತೊಡಗಿದೆ.