ತಪ್ಪಿದ ಹನ್ನೊಂದು

ಗಾಜಿನ ಆಚೆ ಅಂಬಾರಾಯ ಮಾಸ್ತರು,
ಕಿವಿಗೆ ಕರೀ ಬಟ್ಟಲು, ಮಡಿಲಲ್ಲಿ ಟೋಪಿ.
ಬಾಯಿಗೆ ಕಾಗದ ಅಡ್ಡ ಹಿಡಿದು
ನಾನು ಅಂದೆ: ಕಲ್ಲು.
ಅವರು ಅಂದರು: ಹಲ್ಲು.
ಮಳೆ ಅಂದರೆ ಬಳೆ.
ಬಾಗಿಲು ಅಂದರೆ, ತುಸು ತಡೆದು, ಬಾಕಿ ಇಲ್ಲ.
ಸೂಪರ್ ಮಾರ್ಕೆಟಿನ ಹಾರ್ನು ಈ ಖೋಲಿಗೆ ಬರುವುದಿಲ್ಲ,
ಕಲಬುರಗಿಯ ಬಿಸಿಲು ಮಾತ್ರ ಹೇಗೋ ಬರುತ್ತದೆ.

"ಇದಕ್ಕ ಇಂಗ್ಲಿಷ್‌ನಾಗ ಒಂದು ಶಬ್ದ ಅದ, ತಂಗಿ,"
ಮೂವತ್ತೆರಡು ವರ್ಷ ಶಹಾಬಾದಿನ ಮಕ್ಕಳಿಗೆ
ಅದೇ ಭಾಷೆ ಕಲಿಸಿದ ಗಂಟಲು ಸರಿಮಾಡಿಕೊಂಡು,
"ಮಾಂಡಗ್ರೀನ್."

ಎಲ್ಲೋ ಒಬ್ಬ ಹುಡುಗಿ. ತಾಯಿ ಓದುತ್ತಿದ್ದಳು
ಸ್ಕಾಟ್ಲೆಂಡಿನ ಹಳೇ ಲಾವಣಿ. ಸರದಾರನೊಬ್ಬನನ್ನು ಕೊಂದು
ಹುಲ್ಲಿನ ಮೇಲೆ ಕೆಡವಿದರು, ಅಷ್ಟೇ ಅಲ್ಲಿದ್ದದ್ದು.
ಆ ಹುಲ್ಲು ಹುಡುಗಿಯ ಕಿವಿಯೊಳಗೆ
ಹೆಣ್ಣುಮಗಳೊಬ್ಬಳ ಹೆಸರಾಯಿತು:
ಅವನ ಪಕ್ಕದಲ್ಲೇ ಸತ್ತುಬಿದ್ದ ಮಾಂಡಗ್ರೀನ್ ದೊರೆಸಾನಿ.
"ಒಬ್ಬನೇ ಸಾಯಲಿಲ್ಲ ನೋಡು," ಅಂದರು ಮಾಸ್ತರು.
ದೊಡ್ಡವಳಾದ ಮೇಲೆ ನಿಜ ತಿಳಿಯಿತು; ಕೈಬಿಡಲಿಲ್ಲ.
ತಪ್ಪು ಕೇಳಿದ್ದಕ್ಕೆಲ್ಲ, ಪತ್ರಿಕೆಯೊಂದರಲ್ಲಿ ಬರೆದು,
ಆ ಇಲ್ಲದವಳ ಹೆಸರನ್ನೇ ಇಟ್ಟಳು.

ನಾನು ಪೆನ್ನು ಕೆಳಗಿಟ್ಟೆ.

ನಮ್ಮ ಚಿತ್ತಾಪುರದ ಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲ,
ಮಕ್ಕೋತಿದ್ದರು. ಮಕ್ಕೋ. ಮಕ್ಕೊಂಡಾನ. ಇನ್ನಾ ಮಕ್ಕೊಂಡಿಲ್ಲೇನು?
ಜೋಗುಳದಲ್ಲಿ ಮಾತ್ರ ಅಮ್ಮನ ಬಾಯಿಗೆ ಬೇರೆ ಮಾತು:
ದೀಪ ಸಣ್ಣಾತು ಮಲಗಮ್ಮ.
ಹಂಗಾದರೆ ದೀಪ ಸಣ್ಣಾದಾಗ ಬರುವವಳು ಮಲಗಮ್ಮ,
ನಿಂಗಮ್ಮ, ಶರಣಮ್ಮ, ಸಾಬಮ್ಮರ ಹಾಗೆ ಒಬ್ಬಳು,
ಕಾಲಿಗೆ ಚಪ್ಪಲಿ ಇಲ್ಲದವಳು. ಸದ್ದೇ ಆಗುತ್ತಿರಲಿಲ್ಲವಲ್ಲ.
ಅವಳಿಗೆಂದು ಅರ್ಧ ರೊಟ್ಟಿ ದಿಂಬಿನಡಿ ಇಟ್ಟೆ.
ಇರುವೆ ಬಂದವು; ಬೈಗುಳ ತಿಂದೆ; ಹೆಸರು ಹೇಳಲಿಲ್ಲ.

ಎರಡನೇ ಇಯತ್ತೆಯಲ್ಲಿ ಕಲಿಸಿದರು: ಮಲಗು, ಕ್ರಿಯಾಪದ.
ಅಂದು ರಾತ್ರಿ ರೊಟ್ಟಿ ಪೂರ್ತಿ ನಾನೇ ತಿಂದೆ.

"ಎಷ್ಟು ಬಂತು?" ಮಾಸ್ತರು ಕೇಳುತ್ತಿದ್ದರು,
ಪರೀಕ್ಷೆ ಬರೆದ ಹುಡುಗನ ಹಾಗೆ.
ಇಪ್ಪತ್ತೈದಕ್ಕೆ ಹದಿನಾಲ್ಕು.
ಫಾರ್ಮಿನಲ್ಲಿ ಸರಿಯಾದದ್ದಕ್ಕೆ ಒಂದು ಚೌಕ ಇದೆ,
ಉಳಿದ ಹನ್ನೊಂದಕ್ಕೆ ಜಾಗವಿಲ್ಲ.
ಹಲ್ಲು, ಬಳೆ, ಬಾಕಿ ಇಲ್ಲ…
ಅಂಚಿನಲ್ಲಿ ಸಣ್ಣಗೆ ಬರೆದುಕೊಂಡೆ.
ಮಿಷನ್ನು ಬೇಕೇ ಬೇಕು; ಅದನ್ನೂ ಬರೆದೆ.

ಬಾಗಿಲು ತೆರೆದು ಮುಂದಿನ ಚೀಟಿ ಕೂಗಿದೆ: ಶಿವಲೀಲಾ.
ಎದ್ದು ಬಂದವಳು, ಮೂರು ಸಲ ಕೇಳಿದ ಮೇಲೆ, ತಿಪ್ಪಮ್ಮ.
"ನನ್ನೇ ಕರ್ದಂಗಾತ್ರಿ."
ಕೂಡಿಸಿದೆ.