ಎರಡು ಗೆರೆ

ವಾಲ್ಪರೈಸೊದ ಗುಡ್ಡದ ಮೇಲೆ ಮನೆಗಳೆಲ್ಲ
ತಗಡು ಹೊದ್ದು ನಿಂತಿವೆ,
ಹಡಗಿಗೆ ಬಳಿದು ಮಿಕ್ಕ ಬಣ್ಣವನ್ನು ಮೈಗೆ ಬಳಿದುಕೊಂಡು.
ನೋಡಲು ಚೆಂದ. ನನ್ನ ಕಸುಬಿಗೆ ಮಾತ್ರ
ಮನೆಗಳಲ್ಲ ಅವು, ಮುಚ್ಚಳ ಬಿಗಿದ ಡಬ್ಬಿಗಳು.
ಒಳಗೆ ಕೂಗಿದ್ದು ಒಳಗೇ ಸುತ್ತಿ ಸುಸ್ತಾಗುತ್ತದೆ.

ನೂರ ಹನ್ನೊಂದು ಮೆಟ್ಟಿಲು ಹತ್ತಿದೆ, ಏಣಿ ಹೆಗಲ ಮೇಲೆ.
ದೋನ್ಯಾ ಎದೆಲ್ಮೀರಾ ಫೋನನ್ನು ನನ್ನ ಮೂಗಿಗೇ ಹಿಡಿದಳು:
"ನೋಡು ಯಾಸ್ನಾ, ಈ ಬೆಕ್ಕು ನಿನ್ನೆಯಿಂದ
ಒಂದು ಕಾಲೆತ್ತಿಕೊಂಡೇ ನಿಂತಿದೆ."
ಗೇಟಿನ ಕ್ಯಾಮೆರಾ. ಸಿಗ್ನಲ್ ಒಂದೇ ಗೆರೆ,
ಅದೂ ಮಾತು ಮುಗಿಯುವಷ್ಟರಲ್ಲಿ ಇಲ್ಲ.
ಈ ನಡುವೆ ಜೆರೇನಿಯಂ ಕುಂಡಗಳು ಮೂರು ಹೋಗಿವೆ,
ಒಂದೊಂದಾಗಿ, ಬೆಳಗಿನ ಜಾವ.
ವಿಡಿಯೋದಲ್ಲಿ ಇರುವುದಿಷ್ಟು:
ಕುಂಡ ಇದೆ. ಚೌಕ ಚೌಕದ ಮಂಜು. ಕುಂಡ ಇಲ್ಲ.

"ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿಕೊಳ್ಳುವವರೇ ಎಲ್ಲ ಇಲ್ಲಿ" ಎಂದು
ಹೆಸರು ಶುರುಮಾಡಿದಳು: ಗ್ಯಾಸ್ ತರುವ ಹುಡುಗ,
ಮೀನಿನವನು, ಹಸಿರು ಮನೆಯ ಬಾಡಿಗೆಯವರು,
ಪಾದ್ರಿಯ ತಮ್ಮ.

ಮೊದಲು ಆಂಟೆನಾ ನೆಟ್ಟಗೆ ಮಾಡಿದೆ.
ಫ್ರಿಜ್ಜಿನ ಹಿಂದೆ ಅಡಗಿದ್ದ ರೌಟರನ್ನು ಕಪಾಟಿನ ನೆತ್ತಿಗೇರಿಸಿದೆ.
ಓಡುವ ಅಲೆ ಬಿಟ್ಟು ನಡೆಯುವ ಅಲೆ ಹಿಡಿದೆ,
ಗೋಡೆ ದಾಟುವುದಾದರೆ ನಿಧಾನವೇ ಲೇಸು.
ಅಕ್ಕಪಕ್ಕದ ಹದಿನೇಳು ಮನೆಗಳು
ಒಂದೇ ಚಾನೆಲ್ಲಿನಲ್ಲಿ ಅರಚುತ್ತಿದ್ದವು; ಹನ್ನೊಂದಕ್ಕೆ ಹಾರಿದೆ,
ಅಲ್ಲಿ ನಾಲ್ವರೇ.
ಒಂದು ಗೆರೆ ಎರಡಾಯಿತು. ಮೂರಾಗಲೊಲ್ಲದು.

ಆಮೇಲೆ ಫೋನು ಹಿಡಿದು ಹೆಜ್ಜೆ ಹೆಜ್ಜೆ ನಡೆದೆ,
ನೆಲದಡಿಯ ನೀರು ಹುಡುಕುವವರ ಹಾಗೆ.
ಅಡುಗೆಮನೆ, ಮೈನಸ್ ನಲವತ್ತೆಂಟು.
ಪಡಸಾಲೆ, ಐವತ್ತಮೂರು. ನಡುಮನೆಯ ಮೂಲೆ ತಿರುಗಿದ್ದೇ ತಡ
ಎಪ್ಪತ್ತು.
ತಲೆಯೆತ್ತಿದರೆ ಎದುರಿಗೆ ನಾನೇ ನಿಂತಿದ್ದೆ,
ಬೆವೆತ ಮುಖ, ಕತ್ತಿನ ಮೇಲೆ ಏಣಿಯ ಗೀರು.

ಆಳೆತ್ತರದ ಕನ್ನಡಿ. ಅವಳ ಗಂಡನ ಕ್ಷೌರದಂಗಡಿಯದು,
ಅಂಗಡಿ ಮಾರಿದ ದಿನ ನಾಲ್ವರು ಹೊತ್ತು ತಂದದ್ದು.
ಬೆನ್ನ ತುಂಬ ಬೆಳ್ಳಿ.
ಬಾಗಿಲಿಗೆ 'ನಾಳೆ ಬಾ' ಬರೆದ ಹಾಗೆ
ಬಂದ ಅಲೆಯನ್ನೆಲ್ಲ ಬಂದ ದಾರಿಗೇ ಅಟ್ಟುತ್ತಿತ್ತು.

ಇಬ್ಬರೂ ಸೇರಿ ಮಲಗುವ ಕೋಣೆಗೆ ದೂಡಿದೆವು.
ನಾಲ್ಕು ಗೆರೆ.
ಬೆಕ್ಕು ಎತ್ತಿದ ಕಾಲನ್ನು ನೆಲಕ್ಕಿಟ್ಟಿತು.

ಮೂರನೇ ದಿನ ಮತ್ತೆ ಕರೆ. ಹೋದೆ.
ವಿಡಿಯೋ ಈಗ ತಿಳಿನೀರು. ಬೆಳಿಗ್ಗೆ ಐದೂ ಇಪ್ಪತ್ತು.
ಮೇಲಿನ ಮನೆಯ ಎರ್ಮಿಂದಾ, ನೈಟಿಯ ಮೇಲೆ ಗಂಡಸರ ಕೋಟು.
ಮೊಣಕಾಲು ಹಿಡಿದುಕೊಂಡು ಬಗ್ಗುತ್ತಾಳೆ,
ಕುಂಡವನ್ನು ಕೂಸಿನಂತೆ ಸೊಂಟಕ್ಕೇರಿಸುತ್ತಾಳೆ,
ನಾಲ್ಕು ಮೆಟ್ಟಿಲು ಹತ್ತಿ ಕೆಳಗಿಟ್ಟು ಉಸಿರು ಬಿಡುತ್ತಾಳೆ.
ಒಮ್ಮೆ ಕ್ಯಾಮೆರಾದತ್ತ ನೋಡಿ
ಕೂದಲು ಸರಿಮಾಡಿಕೊಳ್ಳುತ್ತಾಳೆ.

ದೋನ್ಯಾ ಎದೆಲ್ಮೀರಾ ಮೂರು ಸಲ ನೋಡಿದಳು. ಚಹಾ ಆರಿತು.
"ಕಾಣದೆ ಇದ್ದಾಗ ಇಡೀ ಗುಡ್ಡಕ್ಕೇ ಬೈಯಬಹುದಿತ್ತು" ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
"ಭಾನುವಾರ ಇವಳ ಜೊತೆಗೇ ಅಲ್ಲವೇ ನನ್ನ ಇಸ್ಪೀಟು."
ಆಮೇಲೆ ಎದ್ದು, ತೋಳು ಮಡಚಿ:
"ಹಿಡಿ ಆ ಕಡೆ. ಕನ್ನಡಿ ಮೊದಲಿದ್ದಲ್ಲೇ ಇರಲಿ."

ಬಿಲ್ ಪುಸ್ತಕದಲ್ಲಿ ಬರೆದೆ.
ದೋಷ: ಕನ್ನಡಿ.
ದುರಸ್ತಿ: ಆಗಿತ್ತು.
ಸಿಗ್ನಲ್: ಎರಡು ಗೆರೆ. ಸಾಕು ಎಂದರು.