ಎಡಗೈ

ರೇಸು ಕೊಟ್ಟರೆ ಎಂಜಿನ್ನು ಕೂಗಾಡುತ್ತಿತ್ತು,
ಹಿಂಚಕ್ರ ಮಾತ್ರ ಕೇಳಿಸಿಯೂ ಕೇಳಿಸದ ಹಾಗೆ.
ಪಕ್ಕದ ಮನೆಯ ಸ್ಲಾವ್ಕೊ ಬೇಲಿಯ ಮೇಲಿಂದಲೇ ಹೇಳಿದ:
"ಕ್ಲಚ್ಚು ಹೋಗಿದೆ ಶಾಂಭವಿ. ಹಾಗೇ ಮಾರಿಬಿಡು, ಯಾರಿಗೆ ಗೊತ್ತಾಗುತ್ತೆ?"
ಮೂವತ್ತೊಂದು ವರ್ಷ ಎಂಜಿನ್ನು ಜೋಡಿಸಿ
ಕಾರ್ಖಾನೆ ಮುಚ್ಚಿದ ಮೇಲೆ ಟೊಮೆಟೊ ಬೆಳೆಯುವವನು.
ಪರೀಕ್ಷೆ ಮಾಡುತ್ತಿದ್ದಾನೆ ಅಂತ
ನನಗೆ ಗೊತ್ತಿತ್ತು.

ಜುಲೈ. ಜೀಲಾಂಗಿನ ಚಳಿ ಕಾಂಕ್ರೀಟಿನೊಳಗಿಂದ ಏರಿ
ಮೊಣಕಾಲಿಗೆ ಬರುತ್ತದೆ. ಕೌದಿ ಹಾಸಿಕೊಂಡೆ.
ಗಾಡಿಯನ್ನು ಎಡಕ್ಕೆ ವಾಲಿಸಿ ಗೋಡೆಗೆ ಒರಗಿಸಿದೆವು,
ಲಾಳ ಕಟ್ಟಲು ಎತ್ತು ಕೆಡವಿದ ಹಾಗೆ.
ಒಳಗಿನ ಎಣ್ಣೆ ಆ ಕಡೆ ಸರಿದು ಕೂತಿತು.

ಬಲಗಡೆಯ ಮುಚ್ಚಳಕ್ಕೆ ಒಂಬತ್ತು ಬೋಲ್ಟು.
ಎಲ್ಲ ಒಂದೇ ಉದ್ದವಲ್ಲ. ರಟ್ಟಿನ ಮೇಲೆ ಮುಚ್ಚಳ ಬರೆದು
ಆಯಾ ತೂತಿಗೆ ಆಯಾ ಬೋಲ್ಟು ಚುಚ್ಚಿಟ್ಟೆ.
ಆಸ್ಪತ್ರೆಯ ಅಡುಗೆಮನೆಯಲ್ಲೂ ನನ್ನದು ಇದೇ ಕೆಲಸ,
ಉಪ್ಪಿಲ್ಲದ್ದು ಯಾರದು, ನುಂಗಲಾರದವರ ಗಂಜಿ ಯಾರದು.

ಹಳೇ ಗ್ಯಾಸ್ಕೆಟ್ಟು ಬಿಡಲಿಲ್ಲ,
ತಳ ಹಿಡಿದ ಹಾಲಿನ ಪಾತ್ರೆ.
ಉಗುರು, ಸೀಮೆಎಣ್ಣೆ, ಬೈಗುಳ. ಒಂದು ಗಂಟೆ.

ಸ್ಪ್ರಿಂಗಿನ ಐದನ್ನೂ ಒಂದೊಂದಾಗಿ ಪೂರ್ತಿ ಬಿಚ್ಚಬಾರದು.
ಇದಕ್ಕರ್ಧ ಸುತ್ತು, ಎದುರಿನದಕ್ಕರ್ಧ ಸುತ್ತು,
ಯಾರಿಗೂ ಮೇಲುಗೈ ಕೊಡದ ಪಂಚಾಯ್ತಿ.
ಒಳಗೆ ಪ್ಲೇಟುಗಳು: ಒರಟಿನದೊಂದು, ನುಣುಪಿನದೊಂದು,
ಮತ್ತೆ ಒರಟು, ಮತ್ತೆ ನುಣುಪು,
ಒಂದರ ಮೇಲೊಂದು ಪೇರಿಸಿದ ರೊಟ್ಟಿ.
ಎರಡು ನೀಲಿಗಟ್ಟಿದ್ದವು. ಸುಟ್ಟ ಉಕ್ಕಿನ ನೀಲಿ.

ಈ ನೀಲಿ ಯಾವ ದಿನದ್ದು ನನಗೆ ಗೊತ್ತು.
ಲೋರ್ನಿನ ಆಚೆ, ಕಡಲಂಚಿನ ತಿರುವುಗಳಲ್ಲಿ
ಕಾರುಗಳ ಸಾಲಿನ ಹಿಂದೆ,
ಬೆರಳು ಪೂರ್ತಿ ಹಿಡಿಯಲಾರದೆ, ಬಿಡುವ ಧೈರ್ಯವೂ ಇಲ್ಲದೆ
ಅರೆಹಿಡಿತದಲ್ಲೇ ಹದಿನೆಂಟು ಕಿಲೋಮೀಟರು.
ಗಾಡಿಯ ತಪ್ಪೇನಿಲ್ಲ.
ಹೆಬ್ಬೆರಳ ಬುಡದ ಕೀಲು ಸವೆದಿದೆ,
ಇದಕ್ಕೆ ಸ್ಪೇರು ಸಿಗುವುದಿಲ್ಲ ಅಂದಳು ಡಾಕ್ಟರು.
ತಮಾಷೆಗೆ. ನಕ್ಕೆ.

ಹೊಸವನ್ನು ಎಣ್ಣೆಯಲ್ಲಿ ನೆನೆಹಾಕಿದೆ,
ಕಡಲೆ ನೆನೆಹಾಕುವ ಬೋಗುಣಿಯಲ್ಲೇ.
ರಾತ್ರಿ ಎರಡು ಸಲ ಎದ್ದು ನೋಡಿದೆ
ಮೊಳಕೆ ಬಂದಿರಬಹುದೇನೋ ಅನ್ನುವಂತೆ.

ಬೆಳಿಗ್ಗೆ ಜೋಡಿಸುವಾಗ ಸ್ಲಾವ್ಕೊ ಕೆಮ್ಮಿದ.
ಮತ್ತೆ ಕೆಮ್ಮಿದ. ಆಮೇಲೆ ಹೊಳೆಯಿತು:
ಕೊನೆಯ ಪ್ಲೇಟಿನ ಹಲ್ಲು ಉಳಿದವುಗಳ ಸಾಲಿನಲ್ಲಿ ಕೂರುವುದಿಲ್ಲ,
ಅದಕ್ಕೆ ಪಕ್ಕದಲ್ಲೇ ಬೇರೆ ಗಾಡಿ ಕೊರೆದಿದ್ದಾರೆ.
ಬಿಚ್ಚಿ, ಸರಿಸಿ, ಕೂರಿಸಿದೆ.
ಟಾರ್ಕು ಪಾನಾ ಟಕ್ ಅಂತು.
ಸಾಕು ಅಂತ ಹೇಳಬಲ್ಲ ಒಂದು ಉಪಕರಣವಾದರೂ
ಈ ಮನೆಯಲ್ಲಿದೆ.

ಕೊಳ್ಳಲು ಬಂದವಳು ಮೂ ಪಾ. ಇಪ್ಪತ್ತಮೂರಿರಬಹುದು.
ಕೊಲಾಕಿನ ಮಾಂಸದ ಕಾರ್ಖಾನೆ, ನಾಲ್ಕರ ಪಾಳಿ,
ಅಷ್ಟು ಹೊತ್ತಿಗೆ ಯಾವ ಬಸ್ಸೂ ಇಲ್ಲ.
ಚೌಕಾಸಿ ಮಾಡಲಿಲ್ಲ. ಯಾಕೆ ಮಾರುತ್ತೀರಿ ಅಂತ ಮಾತ್ರ ಕೇಳಿದಳು.
ಕೈ ತೋರಿಸಿದೆ.
ಹಿಡಿದು, ನೋಯುವ ಜಾಗಕ್ಕೇ ಸರಿಯಾಗಿ ಒತ್ತಿ
"ಮೂಳೆ ಬಿಡಿಸುವ ಸಾಲಿನಲ್ಲಿ ಎಲ್ಲರಿಗೂ ಬರುತ್ತೆ" ಅಂದಳು,
ನೆಗಡಿಯ ಬಗ್ಗೆ ಹೇಳಿದ ಹಾಗೆ.

ಹೋದಳು.
ನಾವಿಬ್ಬರೂ ಗೇಟಿನಲ್ಲಿ ನಿಂತು ಕಿವಿಗೊಟ್ಟೆವು.
ಒಂದು. ಸಣ್ಣ ಮೌನ. ಎರಡು.
ಮೂರಕ್ಕೆ ಹಾಕುವಾಗ ಕೂದಲೆಳೆಯಷ್ಟು ತಡ,
ಜೇಬಿನೊಳಗೆ ನನ್ನ ಬೆರಳು ತಾವಾಗಿ ಮಡಚಿ ಬಿಚ್ಚಿದವು.
ಹೆದ್ದಾರಿಯ ಹತ್ತಿರ ನಾಲ್ಕು. ಐದು ಕೇಳಿಸಲಿಲ್ಲ.

ಸ್ಲಾವ್ಕೊ ನೀಲಿ ಪ್ಲೇಟೆರಡನ್ನೂ ಎತ್ತಿಕೊಂಡ.
ದಾರ ಕಟ್ಟಿ ತೂಗುಹಾಕುತ್ತಾನಂತೆ,
ಅಕ್ಟೋಬರಿನಲ್ಲಿ ಸಸಿ ನೆಟ್ಟ ಮೇಲೆ, ಹಕ್ಕಿ ಬರದ ಹಾಗೆ.